ಸ್ಟ್ಯಾನ್ಲಿ ಜೆ. ಕೋರ್ಸ್‌ಮೆಯರ್

ಸ್ಟ್ಯಾನ್ಲಿ ಜೋಯಲ್ ಕೋರ್ಸ್‌ಮೆಯರ್ (ಜೂನ್ 8, 1950 – ಮಾರ್ಚ್ 31, 2005) ಅಮೆರಿಕ ಸಂಯುಕ್ತ ಸಂಸ್ಥಾನದ ವೈದ್ಯರು ಹಾಗೂ ಕ್ಯಾನ್ಸರ್ ಜೀವವಿಜ್ಞಾನಿ. ಜೀವಕೋಶಗಳ ಯೋಜಿತ ಮರಣವನ್ನು (ಅಪೊಪ್ಟೋಸಿಸ್) ನಿಯಂತ್ರಿಸುವ ಬಿಸಿಎಲ್-2 ಪ್ರೋಟೀನು ಕುಟುಂಬದ ಕುರಿತು ನಡೆಸಿದ ಸಂಶೋಧನೆಗಳಿಗಾಗಿ ಅವರು ಪ್ರಸಿದ್ಧರು. ಜೀವಕೋಶಗಳು ಮಿತಿಮೀರಿ ವಿಭಜನೆಗೊಳ್ಳುವುದರಿಂದ ಮಾತ್ರ ಕ್ಯಾನ್ಸರ್ ಉಂಟಾಗುತ್ತದೆ ಎಂಬ ತಿಳಿವಳಿಕೆ ಪ್ರಬಲವಾಗಿದ್ದ ಕಾಲದಲ್ಲಿ, ಸಾಯಬೇಕಾದ ಜೀವಕೋಶಗಳು ಸಾಯದೆ ಉಳಿಯುವುದೂ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದನ್ನು ಪ್ರಾಯೋಗಿಕವಾಗಿ ತೋರಿಸಿದವರಲ್ಲಿ ಅವರು ಪ್ರಮುಖರು. ಕ್ಯಾನ್ಸರ್ ಕೋಶಗಳ ಈ ಮರಣ ನಿರೋಧಕ ಗುಣವನ್ನು ಔಷಧದಿಂದ ಮುರಿಯಲು ಸಾಧ್ಯ ಎಂಬ ನಂಬಿಕೆಗೆ ಅವರ ಪ್ರಯೋಗಾಲಯದ ಕೆಲಸ ಭದ್ರವಾದ ಆಧಾರ ಒದಗಿಸಿತು. ಆ ಮಾರ್ಗದಲ್ಲಿ ರೂಪುಗೊಂಡ ವೆನೆಟೊಕ್ಲಾಕ್ಸ್ ಎಂಬ ಔಷಧ ಅವರ ನಿಧನಾನಂತರ, 2016ರಲ್ಲಿ, ಬಳಕೆಗೆ ಬಂದಿತು.

ಜನನ ಮತ್ತು ಶಿಕ್ಷಣ

ಕೋರ್ಸ್‌ಮೆಯರ್ ಇಲಿನಾಯ್ ರಾಜ್ಯದ ಬಿಯರ್ಡ್ಸ್‌ಟೌನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಅವರದು ಹಂದಿ ಸಾಕಣೆಯನ್ನು ಕಸುಬಾಗಿಸಿಕೊಂಡಿದ್ದ ಕೃಷಿಕ ಕುಟುಂಬ. ಬಾಲ್ಯದಲ್ಲಿ ಸಾಕುಪ್ರಾಣಿಗಳ ನಡುವೆ ಬೆಳೆದ ಅವರಿಗೆ ಮೊದಲು ಪಶುವೈದ್ಯಕೀಯದಲ್ಲಿ ಆಸಕ್ತಿ ಮೂಡಿತ್ತು. ಅರ್ಬಾನಾ-ಶಾಂಪೇನ್‌ನಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರವನ್ನು ಅಭ್ಯಸಿಸಿ 1972ರಲ್ಲಿ ಪದವಿ ಪಡೆದರು. ಮುಂದೆ ಅದೇ ವಿಶ್ವವಿದ್ಯಾಲಯದ ಶಿಕಾಗೊ ವೈದ್ಯಕೀಯ ಕಾಲೇಜಿನಿಂದ 1976ರಲ್ಲಿ ವೈದ್ಯಕೀಯ ಪದವಿಯನ್ನು ಪಡೆದು, ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ ಆಂತರಿಕ ವೈದ್ಯಶಾಸ್ತ್ರದಲ್ಲಿ ತರಬೇತಿ ಹೊಂದಿದರು.

ವೈದ್ಯರಾಗಿ ತರಬೇತಿ ಪಡೆದು ಪ್ರಯೋಗಾಲಯಕ್ಕೆ ಬಂದುದು ಅವರ ಸಂಶೋಧನೆಯ ಸ್ವರೂಪವನ್ನು ನಿರ್ಧರಿಸಿತು. ಅವರು ಎತ್ತಿಕೊಂಡ ಮುಖ್ಯ ಪ್ರಶ್ನೆಗಳು ರೋಗಿಯ ರಕ್ತದಲ್ಲಿ ಅಥವಾ ದುಗ್ಧರಸ ಗ್ರಂಥಿಯಲ್ಲಿ ಕಂಡ ಅಸಹಜತೆಯಿಂದ ಆರಂಭವಾಗಿ, ಇಲಿಗಳ ಮೇಲಿನ ಪ್ರಯೋಗಗಳ ಮೂಲಕ ಸಾಗಿ, ಕಡೆಗೆ ಚಿಕಿತ್ಸೆಯ ಕಡೆಗೇ ಮರಳುತ್ತಿದ್ದವು.

ಹಿನ್ನೆಲೆ: ಜೀವಕೋಶದ ಯೋಜಿತ ಮರಣ

ಬಹುಕೋಶ ಜೀವಿಗಳ ದೇಹದಲ್ಲಿ ಕೋಶಗಳ ಹುಟ್ಟಿನಂತೆ ಸಾವೂ ನಿಯಮಬದ್ಧವಾದುದು. ಗೊದಮೊಟ್ಟೆಯು ಕಪ್ಪೆಯಾಗುವಾಗ ಅದರ ಬಾಲ ಕರಗುತ್ತದೆ. ಗರ್ಭಸ್ಥ ಶಿಶುವಿನ ಕೈಬೆರಳುಗಳ ನಡುವಿನ ಪೊರೆಯ ಕೋಶಗಳು ಅಳಿದ ಬಳಿಕವೇ ಬೆರಳುಗಳು ಬಿಡಿಬಿಡಿಯಾಗುತ್ತವೆ. ಹೀಗೆ ಸಾಯುವ ಕೋಶವು ಮೊದಲು ಕುಗ್ಗುತ್ತದೆ, ಅದರ ಡಿಎನ್‌ಎ ತುಂಡಾಗುತ್ತದೆ, ಅನಂತರ ಕೋಶವು ಪೊರೆ ಸುತ್ತಿದ ಸಣ್ಣ ಚೂರುಗಳಾಗಿ ಒಡೆಯುತ್ತದೆ. ಸುತ್ತಲಿನ ಕೋಶಗಳು ಆ ಚೂರುಗಳನ್ನು ನುಂಗಿ ಜೀರ್ಣಿಸಿಕೊಳ್ಳುವುದರಿಂದ ಗಾಯದಲ್ಲಿ ಉಂಟಾಗುವಂತಹ ಉರಿಯೂತ ಇಲ್ಲಿ ಕಾಣುವುದಿಲ್ಲ. ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರಿ ಅವರು 1972ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಬಗೆಯ ಮರಣಕ್ಕೆ ಅಪೊಪ್ಟೋಸಿಸ್ ಎಂಬ ಹೆಸರನ್ನು ನೀಡಿದರು. ಮರದಿಂದ ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದ ಅದು.

ಇದೇ ಕಾಲಘಟ್ಟದಲ್ಲಿ ಸಿನೊರಾಬ್ಡೈಟಿಸ್ ಎಲಿಗನ್ಸ್ ಎಂಬ ಒಂದು ಮಿಲಿಮೀಟರಿನಷ್ಟು ಉದ್ದದ ಹುಳುವಿನ ಬೆಳವಣಿಗೆಯನ್ನು ವಿಜ್ಞಾನಿಗಳು ಕೋಶ ಕೋಶವಾಗಿ ಗುರುತಿಸುತ್ತಿದ್ದರು. ಅದರಲ್ಲಿ ರೂಪುಗೊಳ್ಳುವ 1,090 ದೇಹಕೋಶಗಳಲ್ಲಿ 131 ಕೋಶಗಳು ನಿಗದಿತ ಸಮಯದಲ್ಲಿ ತಪ್ಪದೆ ಸಾಯುತ್ತವೆ ಎಂಬುದು ಗೊತ್ತಾಯಿತು. ಆದರೆ ಮನುಷ್ಯರಲ್ಲಿ ಇಂತಹ ಮರಣವನ್ನು ಯಾವ ವಂಶವಾಹಿ ನಡೆಸುತ್ತದೆ, ಯಾವುದು ತಡೆಯುತ್ತದೆ ಎಂಬುದು 1980ರ ದಶಕದ ಮಧ್ಯಭಾಗದವರೆಗೂ ತಿಳಿದಿರಲಿಲ್ಲ. ಆ ವಿಷಯವು ಕ್ಯಾನ್ಸರ್ ಸಂಶೋಧನೆಯ ಮುಖ್ಯಧಾರೆಗೆ ಸೇರಿರಲೂ ಇಲ್ಲ. ಅಂದು ಪತ್ತೆಯಾಗಿದ್ದ ಕ್ಯಾನ್ಸರ್‌ಕಾರಕ ವಂಶವಾಹಿಗಳು ಕೋಶ ವಿಭಜನೆಯನ್ನು ಉತ್ತೇಜಿಸುವ ಬಗೆಯವಾಗಿದ್ದವು.

ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ

ತರಬೇತಿಯ ನಂತರ ಕೋರ್ಸ್‌ಮೆಯರ್ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಪ್ರತಿರಕ್ಷಣಾ ವಿಜ್ಞಾನಿ ಥಾಮಸ್ ವಾಲ್ಡ್‌ಮನ್ ಅವರ ಮಾರ್ಗದರ್ಶನದಲ್ಲಿ, ತಳಿವಿಜ್ಞಾನಿ ಫಿಲಿಪ್ ಲೆಡರ್ ಅವರ ಸಹಯೋಗದೊಂದಿಗೆ, ಬಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಅಧ್ಯಯನವನ್ನು ಕೈಗೊಂಡರು. ಈ ಕಣಗಳು ಪ್ರತಿಕಾಯಗಳನ್ನು ತಯಾರಿಸಲು ತಮ್ಮ ಡಿಎನ್‌ಎಯನ್ನೇ ಕತ್ತರಿಸಿ ಹೊಸ ರೀತಿಯಲ್ಲಿ ಜೋಡಿಸಿಕೊಳ್ಳುತ್ತವೆ. ಈ ಮರುಜೋಡಣೆಯು ಗೊತ್ತಾದ ಕ್ರಮದಲ್ಲಿ, ಮೊದಲು ಪ್ರತಿಕಾಯದ ಭಾರಸರಪಳಿಯ ವಂಶವಾಹಿಯಲ್ಲಿ, ಅನಂತರ ಲಘುಸರಪಳಿಯ ವಂಶವಾಹಿಗಳಲ್ಲಿ ನಡೆಯುತ್ತದೆ ಎಂಬುದನ್ನು ಕೋರ್ಸ್‌ಮೆಯರ್ ಮತ್ತು ಸಂಗಡಿಗರು 1981ರಲ್ಲಿ ಮಾನವ ರಕ್ತಕ್ಯಾನ್ಸರಿನ ಕೋಶಗಳ ಆಧಾರದಿಂದ ತೋರಿಸಿದರು.

ಈ ಶೋಧಕ್ಕೆ ತಕ್ಷಣದ ವೈದ್ಯಕೀಯ ಉಪಯೋಗವೂ ಇತ್ತು. ಒಂದೇ ಕೋಶದ ಸಂತತಿಯಲ್ಲಿ ಮರುಜೋಡಣೆಯ ಗುರುತು ಒಂದೇ ಆಗಿರುತ್ತದೆ. ದುಗ್ಧರಸ ಗ್ರಂಥಿಯ ಊತದಲ್ಲಿ ಅಂತಹ ಒಂದೇ ಗುರುತು ಎದ್ದು ಕಂಡರೆ ಅದು ಸೋಂಕಿನಿಂದ ಆದ ಊತವಲ್ಲ, ಒಂದೇ ಕೋಶದಿಂದ ಬೆಳೆದ ಕ್ಯಾನ್ಸರ್ ಇರಬಹುದೆಂದು ಸಂದೇಹಿಸಲು ಬಲವಾದ ಆಧಾರ ಸಿಗುತ್ತದೆ. ಈ ತತ್ತ್ವವನ್ನು ಲಿಂಫೋಮ ಮತ್ತು ರಕ್ತಕ್ಯಾನ್ಸರಿನ ರೋಗನಿರ್ಣಯದಲ್ಲಿ ಇಂದಿಗೂ ಬಳಸಲಾಗುತ್ತಿದೆ.

ಬಿಸಿಎಲ್-2 ವಂಶವಾಹಿಯ ಪತ್ತೆ

ಫಾಲಿಕ್ಯುಲರ್ ಲಿಂಫೋಮ ಎಂಬುದು ದುಗ್ಧರಸ ಗ್ರಂಥಿಗಳಲ್ಲಿ ನಿಧಾನವಾಗಿ ಬೆಳೆಯುವ ಕ್ಯಾನ್ಸರ್. ಇದರ ಬಹುಪಾಲು ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ 14ನೆಯ ಮತ್ತು 18ನೆಯ ವರ್ಣತಂತುಗಳು ತುಂಡಾಗಿ, ತುಂಡುಗಳು ಪರಸ್ಪರ ಅದಲುಬದಲಾಗಿ ಅಂಟಿಕೊಂಡಿರುತ್ತವೆ. 14ನೆಯ ವರ್ಣತಂತುವಿನಲ್ಲಿ ಒಡೆದ ಜಾಗವು ಪ್ರತಿಕಾಯದ ಭಾರಸರಪಳಿಯ ವಂಶವಾಹಿಯ ಸ್ಥಾನವಾಗಿದ್ದುದರಿಂದ, ಅದರ ಮರುಜೋಡಣೆಯನ್ನು ಬಲ್ಲ ಕೋರ್ಸ್‌ಮೆಯರ್ ಅವರಿಗೆ ಅಲ್ಲಿಂದ 18ನೆಯ ವರ್ಣತಂತುವಿನ ಕಡೆಗೆ ಹುಡುಕಿಕೊಂಡು ಹೋಗುವುದು ಸಾಧ್ಯವಾಯಿತು. 1985ರಲ್ಲಿ ಅವರ ತಂಡ ಈ ಸಂಧಿಸ್ಥಾನದ ಡಿಎನ್‌ಎಯನ್ನು ಪ್ರತ್ಯೇಕಿಸಿತು. ಅದೇ ಅವಧಿಯಲ್ಲಿ ಯೊಶಿಹಿಡೆ ತ್ಸುಜಿಮೊಟೊ ಮತ್ತು ಕಾರ್ಲೊ ಕ್ರೋಚೆ, ಹಾಗೂ ಮೈಕೆಲ್ ಕ್ಲಿಯರಿ ಮತ್ತು ಜೆಫ್ರಿ ಸ್ಕ್ಲಾರ್ ಅವರ ತಂಡಗಳೂ ಸ್ವತಂತ್ರವಾಗಿ ಇದೇ ಸ್ಥಾನವನ್ನು ತಲುಪಿದ್ದವು. ಅಲ್ಲಿ ಕಂಡುಬಂದ ವಂಶವಾಹಿಗೆ ಕ್ರೋಚೆ ಅವರ ತಂಡ ಇರಿಸಿದ ಬಿಸಿಎಲ್-2 ಎಂಬ ಹೆಸರೇ ರೂಢಿಗೆ ಬಂದಿತು. ಬಿ-ಕೋಶದ ಲಿಂಫೋಮದಲ್ಲಿ ದೊರೆತ ಎರಡನೆಯ ವಂಶವಾಹಿ ಎಂಬುದು ಆ ಹೆಸರಿನ ತಾತ್ಪರ್ಯ.

ವರ್ಣತಂತುಗಳ ಈ ಅದಲುಬದಲಿನಿಂದ ಬಿಸಿಎಲ್-2 ವಂಶವಾಹಿಯು ಪ್ರತಿಕಾಯ ವಂಶವಾಹಿಯ ಪ್ರಬಲ ನಿಯಂತ್ರಣಕ್ಕೆ ಒಳಪಡುತ್ತದೆ. ಬಿ-ಕೋಶಗಳಲ್ಲಿ ಪ್ರತಿಕಾಯ ವಂಶವಾಹಿ ಸದಾ ಚುರುಕಾಗಿರುವುದರಿಂದ ಪಕ್ಕಕ್ಕೆ ಬಂದ ಬಿಸಿಎಲ್-2 ಕೂಡ ಎಡೆಬಿಡದೆ ಪ್ರೋಟೀನನ್ನು ತಯಾರಿಸತೊಡಗುತ್ತದೆ. ಆದರೆ ಆ ಪ್ರೋಟೀನು ಕೋಶದಲ್ಲಿ ಮಾಡುವ ಕೆಲಸವೇನು ಎಂಬುದು ಆಗ ನಿಗೂಢವಾಗಿತ್ತು. ಕೋಶ ವಿಭಜನೆಯನ್ನು ಅದು ಹೆಚ್ಚಿಸುತ್ತಿರಲಿಲ್ಲ.

ಸೇಂಟ್ ಲೂಯಿಸ್‌ನಲ್ಲಿ ಸಂಶೋಧನೆ

1986ರಲ್ಲಿ ಕೋರ್ಸ್‌ಮೆಯರ್ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕ ವೃತ್ತಿಯನ್ನು ಕೈಗೊಂಡರು. ಅಲ್ಲಿ ಅವರು ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರಾಗಿಯೂ ಇದ್ದರು.

1988ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ ಡೇವಿಡ್ ವಾ, ಸುಸಾನ್ ಕೋರಿ ಮತ್ತು ಜೆರಿ ಆಡಮ್ಸ್ ಅವರು ಒಂದು ಮಹತ್ವದ ಸಂಗತಿಯನ್ನು ಪ್ರಕಟಿಸಿದರು. ಬೆಳವಣಿಗೆಗೆ ಅಗತ್ಯವಾದ ಪೋಷಕ ಸಂಕೇತವನ್ನು ನಿಲ್ಲಿಸಿದಾಗ ಸಾಮಾನ್ಯ ರಕ್ತಕೋಶಗಳು ಸಾಯುತ್ತವೆ, ಆದರೆ ಬಿಸಿಎಲ್-2 ಹೆಚ್ಚಾಗಿರುವ ಕೋಶಗಳು ವಿಭಜನೆಗೊಳ್ಳದೆಯೂ ಬದುಕಿ ಉಳಿಯುತ್ತವೆ ಎಂಬುದೇ ಆ ಸಂಗತಿ.

ಕೋರ್ಸ್‌ಮೆಯರ್ ಅವರ ತಂಡ ಇದೇ ಪ್ರಶ್ನೆಯನ್ನು ಜೀವಂತ ಪ್ರಾಣಿಯಲ್ಲಿ ಪರೀಕ್ಷಿಸಿತು. ರೋಗಿಗಳಲ್ಲಿ ಕಾಣುವ ವರ್ಣತಂತು ಸಂಧಿಯನ್ನು ಹೋಲುವ ಬಿಸಿಎಲ್-2 ವಂಶವಾಹಿಯನ್ನು ಇಲಿಗಳಲ್ಲಿ ಸೇರಿಸಿ, ಟಿಮೊತಿ ಮೆಕ್‌ಡಾನೆಲ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಇಲಿಗಳಲ್ಲಿ ಬಿ-ಕೋಶಗಳು ಅಳಿಯದೆ ಸಂಗ್ರಹಗೊಂಡವು. ಅವುಗಳಲ್ಲಿ ಹೆಚ್ಚಿನವು ವಿಭಜನೆಗೊಳ್ಳದೆ ವಿಶ್ರಾಂತ ಸ್ಥಿತಿಯಲ್ಲಿದ್ದವು, ಆದರೂ ಸಾಯುತ್ತಿರಲಿಲ್ಲ. ತಿಂಗಳುಗಳು ಕಳೆದಂತೆ ಕೆಲವು ಇಲಿಗಳಲ್ಲಿ ಉಗ್ರ ಸ್ವರೂಪದ ಲಿಂಫೋಮ ಕಾಣಿಸಿಕೊಂಡಿತು. 1991ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದ ಪ್ರಕಾರ ಇಂತಹ ಗೆಡ್ಡೆಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಮಿಕ್ ಎಂಬ, ಕೋಶ ವಿಭಜನೆಯನ್ನು ಉತ್ತೇಜಿಸುವ ವಂಶವಾಹಿಯಲ್ಲಿಯೂ ಬದಲಾವಣೆ ಆಗಿತ್ತು. ಕೋಶವು ಸಾಯದೆ ಉಳಿದರೆ ಅದರಲ್ಲಿ ಇನ್ನೊಂದು ದೋಷ ಸೇರಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ, ಎರಡೂ ಕೂಡಿದಾಗ ಕ್ಯಾನ್ಸರ್ ಪೂರ್ಣರೂಪ ತಾಳುತ್ತದೆ ಎಂಬ ವಿವರಣೆಗೆ ಇದು ಆಧಾರವಾಯಿತು. ಫಾಲಿಕ್ಯುಲರ್ ಲಿಂಫೋಮವು ವರ್ಷಗಟ್ಟಲೆ ಮಂದಗತಿಯಲ್ಲಿದ್ದು ಕೆಲವರಲ್ಲಿ ಹಠಾತ್ತನೆ ಉಗ್ರರೂಪಕ್ಕೆ ತಿರುಗುವುದನ್ನೂ ಈ ವಿವರಣೆ ಅರ್ಥವಾಗಿಸಿತು.

1990ರಲ್ಲಿ ಡೇವಿಡ್ ಹಾಕೆನ್‌ಬೆರಿ ಮತ್ತು ಕೋರ್ಸ್‌ಮೆಯರ್ ಮೊದಲಾದವರು ಬಿಸಿಎಲ್-2 ಪ್ರೋಟೀನು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ನೆಲೆಸಿದೆ ಮತ್ತು ಅದು ಯೋಜಿತ ಮರಣವನ್ನು ತಡೆಯುತ್ತದೆ ಎಂದು ವರದಿ ಮಾಡಿದರು. ಆ ಪ್ರಬಂಧದಲ್ಲಿ ಪ್ರೋಟೀನಿನ ಸ್ಥಾನವನ್ನು ಮೈಟೊಕಾಂಡ್ರಿಯದ ಒಳಪೊರೆ ಎಂದು ಹೇಳಲಾಗಿತ್ತು. ಅದು ಮುಖ್ಯವಾಗಿ ಹೊರಪೊರೆಯಲ್ಲಿದೆ ಎಂಬುದು ಮುಂದಿನ ಅಧ್ಯಯನಗಳಿಂದ ಸ್ಪಷ್ಟವಾಯಿತು. ಆದರೂ ಕೋಶದ ಸಾವನ್ನು ಮೈಟೊಕಾಂಡ್ರಿಯಕ್ಕೆ ಜೋಡಿಸಿದ ಈ ಪ್ರಬಂಧವು ಸಂಶೋಧಕರ ಗಮನವನ್ನು ಆ ಕಡೆಗೆ ತಿರುಗಿಸಿತು.

ರೋಗಶಾಸ್ತ್ರಜ್ಞರಿಗೆ ನೆರವಾದ ಮತ್ತೊಂದು ಸಂಗತಿಯೂ ಈ ಕಾಲದ ಅಧ್ಯಯನಗಳಿಂದ ಹೊರಬಂದಿತು. ಆರೋಗ್ಯವಂತರ ದುಗ್ಧರಸ ಗ್ರಂಥಿಯ ಅಂಕುರ ಕೇಂದ್ರಗಳಲ್ಲಿ ಅನುಪಯುಕ್ತ ಬಿ-ಕೋಶಗಳು ಹೇರಳವಾಗಿ ಸಾಯುತ್ತವೆ, ಅಲ್ಲಿ ಬಿಸಿಎಲ್-2 ಪ್ರೋಟೀನು ಕಾಣುವುದಿಲ್ಲ. ಫಾಲಿಕ್ಯುಲರ್ ಲಿಂಫೋಮದಲ್ಲಿ ಅದೇ ರಚನೆಗಳು ಬಿಸಿಎಲ್-2ರಿಂದ ತುಂಬಿರುತ್ತವೆ. ಹೀಗಾಗಿ ಗ್ರಂಥಿಯ ತುಣುಕಿಗೆ ಬಿಸಿಎಲ್-2 ಬಣ್ಣ ಹಾಕಿ ಪರೀಕ್ಷಿಸುವುದು ರೋಗನಿರ್ಣಯದ ವಾಡಿಕೆಯ ಕ್ರಮಗಳಲ್ಲಿ ಒಂದಾಗಿದೆ.

ಬ್ಯಾಕ್ಸ್ ಮತ್ತು ಸಮತೋಲನದ ಸಿದ್ಧಾಂತ

1993ರಲ್ಲಿ ಜೋಲ್ಟನ್ ಓಲ್ಟ್‌ವೈ ಮತ್ತು ಕೋರ್ಸ್‌ಮೆಯರ್ ಅವರು ಬಿಸಿಎಲ್-2ರೊಂದಿಗೆ ಜೋಡಿಯಾಗುವ ಇನ್ನೊಂದು ಪ್ರೋಟೀನನ್ನು ಪತ್ತೆಹಚ್ಚಿ ಬ್ಯಾಕ್ಸ್ ಎಂದು ಕರೆದರು. ರಚನೆಯಲ್ಲಿ ಅದು ಬಿಸಿಎಲ್-2ರ ಸಂಬಂಧಿಯಾಗಿದ್ದರೂ ಕಾರ್ಯದಲ್ಲಿ ಅದಕ್ಕೆ ವಿರುದ್ಧವಾಗಿತ್ತು: ಬ್ಯಾಕ್ಸ್ ಹೆಚ್ಚಾದರೆ ಕೋಶದ ಸಾವು ತ್ವರಿತಗೊಳ್ಳುತ್ತಿತ್ತು. ಬದುಕಿಸುವ ಮತ್ತು ಕೊಲ್ಲುವ ಪ್ರೋಟೀನುಗಳ ಪ್ರಮಾಣಗಳ ಅನುಪಾತವೇ ಕೋಶದ ಅಳಿವು ಉಳಿವನ್ನು ನಿರ್ಧರಿಸುತ್ತದೆ ಎಂಬ ಸಿದ್ಧಾಂತವನ್ನು ಅವರು ಮಂಡಿಸಿದರು. ಕ್ಯಾನ್ಸರ್ ಕೋಶದ ಮರಣ ನಿರೋಧವು ಒಂದು ತಕ್ಕಡಿ ಒಂದೇ ಕಡೆಗೆ ವಾಲಿದ ಸ್ಥಿತಿಯಾದರೆ, ಅದನ್ನು ಇನ್ನೊಂದು ಕಡೆಗೆ ವಾಲಿಸುವುದೂ ಸಾಧ್ಯವಾಗಬೇಕು ಎಂಬ ಚಿಕಿತ್ಸಾ ವಿಚಾರಕ್ಕೆ ಇಲ್ಲಿಯೇ ಬೀಜ ಬಿದ್ದಿತು.

ಅದೇ ವರ್ಷ ಅವರ ಪ್ರಯೋಗಾಲಯ ಬಿಸಿಎಲ್-2 ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳನ್ನು ಸೃಷ್ಟಿಸಿತು. ಅವು ಜೀವಂತವಾಗಿ ಹುಟ್ಟಿದವು. ಆದರೆ ಅವುಗಳ ಲಿಂಫೋಸೈಟ್‌ಗಳು ಸಾಮೂಹಿಕವಾಗಿ ಸತ್ತವು, ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ತುಂಬಿದವು, ಕೂದಲಿಗೆ ಬಣ್ಣ ನೀಡುವ ಕೋಶಗಳು ಅಳಿದು ಎಳೆಯ ಇಲಿಗಳ ತುಪ್ಪಳ ನರೆಯಿತು. ಬಿಸಿಎಲ್-2 ಕ್ಯಾನ್ಸರಿಗೆ ಮಾತ್ರ ಸಂಬಂಧಿಸಿದ್ದಲ್ಲ, ಹಲವು ಆರೋಗ್ಯಕರ ಅಂಗಾಂಶಗಳ ಉಳಿವಿಗೂ ಅವಶ್ಯಕ ಎಂಬುದನ್ನು ಈ ಪ್ರಯೋಗ ತಿಳಿಸಿತು. ಬ್ಯಾಕ್ಸ್ ಇಲ್ಲದ ಇಲಿಗಳನ್ನು ಕುರಿತ ಅಧ್ಯಯನ 1995ರಲ್ಲಿ ಪ್ರಕಟವಾಯಿತು.

ಮುಂದಿನ ವರ್ಷಗಳಲ್ಲಿ ತಂಡವು ಬ್ಯಾಡ್ (1995) ಮತ್ತು ಬಿಡ್ (1996) ಎಂಬ ಪ್ರೋಟೀನುಗಳನ್ನು ಗುರುತಿಸಿತು. ಇವೆರಡೂ ಬಿಸಿಎಲ್-2 ಕುಟುಂಬದ ಬಿಎಚ್3 ಎಂಬ ಒಂದೇ ಒಂದು ಚಿಕ್ಕ ಭಾಗವನ್ನು ಹೊಂದಿವೆ. ಕೋಶಕ್ಕೆ ಪೋಷಣೆ ತಪ್ಪಿದಾಗ, ಡಿಎನ್‌ಎಗೆ ಹಾನಿಯಾದಾಗ ಅಥವಾ ಹೊರಗಿನಿಂದ ಸಾವಿನ ಸಂಕೇತ ಬಂದಾಗ ಆ ಸುದ್ದಿಯನ್ನು ಮೈಟೊಕಾಂಡ್ರಿಯಕ್ಕೆ ಮುಟ್ಟಿಸುವುದು ಈ ಗುಂಪಿನ ಪ್ರೋಟೀನುಗಳ ಕೆಲಸ. ಪೋಷಕ ಸಂಕೇತ ಲಭ್ಯವಿರುವವರೆಗೂ ಬ್ಯಾಡ್ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದನ್ನು ನಿಷ್ಕ್ರಿಯವಾಗಿ ಇರಿಸಲಾಗಿರುತ್ತದೆ ಎಂಬುದನ್ನೂ ಅವರು 1996ರಲ್ಲಿ ತೋರಿಸಿದರು.

ಬೋಸ್ಟನ್‌ನಲ್ಲಿ ಸಂಶೋಧನೆ

1998ರಲ್ಲಿ ಕೋರ್ಸ್‌ಮೆಯರ್ ಬೋಸ್ಟನ್ ನಗರದ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಬಂದು, ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸಿಡ್ನಿ ಫಾರ್ಬರ್ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದರು. ಈ ಪೀಠಕ್ಕೆ ಹೆಸರು ಕೊಟ್ಟ ಸಿಡ್ನಿ ಫಾರ್ಬರ್ ಅವರು 1948ರಲ್ಲಿ ಮಕ್ಕಳ ರಕ್ತಕ್ಯಾನ್ಸರಿಗೆ ಅಮಿನಾಪ್ಟೆರಿನ್ ನೀಡಿ ತಾತ್ಕಾಲಿಕ ಉಪಶಮನ ಸಾಧ್ಯವೆಂದು ವರದಿ ಮಾಡಿದವರು. ಆ ರಾಸಾಯನಿಕವು ಭಾರತೀಯ ಮೂಲದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡದಲ್ಲಿ ಸಿದ್ಧವಾಗಿತ್ತು.

ಷಿಯಾವ್‌ಡಾಂಗ್ ವಾಂಗ್ ಅವರ ತಂಡವು 1996ರಲ್ಲಿ, ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಹೊರಬಂದರೆ ಕೋಶದ ಮರಣಕ್ರಿಯೆ ಆರಂಭವಾಗುತ್ತದೆ ಎಂಬುದನ್ನು ಕಂಡುಹಿಡಿದಿತ್ತು. ಸೈಟೊಕ್ರೋಮ್-ಸಿ ಹೊರಬಂದೊಡನೆ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಕೋಶದ ಒಳರಚನೆಯನ್ನು ಕತ್ತರಿಸುತ್ತವೆ. ಹಾಗಾದರೆ ಸೈಟೊಕ್ರೋಮ್-ಸಿ ಹೊರಬರಲು ಬಾಗಿಲು ತೆರೆಯುವವರು ಯಾರು ಎಂಬ ಪ್ರಶ್ನೆ ಉಳಿದಿತ್ತು. ಬಿಡ್ ಪ್ರೋಟೀನು ಕತ್ತರಿಸಲ್ಪಟ್ಟ ನಂತರ ಬ್ಯಾಕ್ ಎಂಬ ಪ್ರೋಟೀನಿನ ಅಣುಗಳನ್ನು ಒಟ್ಟುಗೂಡಿಸಿ ಸೈಟೊಕ್ರೋಮ್-ಸಿಯನ್ನು ಹೊರಬಿಡಿಸುತ್ತದೆ ಎಂದು 2000ದಲ್ಲಿ ಕೋರ್ಸ್‌ಮೆಯರ್ ಅವರ ಪ್ರಯೋಗಾಲಯ ತೋರಿಸಿತು. 2001ರ ಪ್ರಬಂಧದಲ್ಲಿ ಬ್ಯಾಕ್ಸ್ ಮತ್ತು ಬ್ಯಾಕ್ ಎರಡೂ ಇಲ್ಲದ ಕೋಶಗಳು ಮೈಟೊಕಾಂಡ್ರಿಯದ ಮೂಲಕ ಬರುವ ನಾನಾ ಬಗೆಯ ಮರಣ ಸಂಕೇತಗಳನ್ನು ತಡೆದುಕೊಳ್ಳುತ್ತವೆ ಎಂಬುದು ಸಾಬೀತಾಯಿತು. ಎರಡರಲ್ಲಿ ಒಂದಿದ್ದರೂ ಸಾಕು, ಕೋಶ ಸಾಯುತ್ತದೆ. ಎರಡೂ ಇಲ್ಲವಾದರೆ ಬಾಗಿಲು ತೆರೆಯುವುದಿಲ್ಲ.

ಕಿಮೊಥೆರಪಿಯ ಹಲವು ಔಷಧಗಳು ಮತ್ತು ವಿಕಿರಣ ಚಿಕಿತ್ಸೆಯು ಕ್ಯಾನ್ಸರ್ ಕೋಶವನ್ನು ನೇರವಾಗಿ ನಾಶಮಾಡುವುದಕ್ಕಿಂತ ಹೆಚ್ಚಾಗಿ, ಅದಕ್ಕೆ ಹಾನಿಯೊಡ್ಡಿ ತಾನಾಗಿ ಸಾಯುವಂತೆ ಪ್ರೇರೇಪಿಸುತ್ತವೆ. ಆ ಮರಣಕ್ರಿಯೆಯೇ ತಡೆಹಿಡಿಯಲ್ಪಟ್ಟಿದ್ದರೆ ಔಷಧವು ಕೋಶವನ್ನು ತಲುಪಿದರೂ ಫಲ ಸಿಗುವುದಿಲ್ಲ. ಕೆಲವು ಕ್ಯಾನ್ಸರುಗಳು ಪರಸ್ಪರ ಸಂಬಂಧವಿಲ್ಲದ ಹಲವು ಔಷಧಗಳಿಗೆ ಏಕಕಾಲಕ್ಕೆ ಮಣಿಯದಿರಲು ಇದೂ ಒಂದು ಕಾರಣ ಎಂಬ ತಿಳಿವಳಿಕೆ ಈ ಕ್ಷೇತ್ರದ ಸಂಶೋಧನೆಗಳಿಂದ ಬೆಳೆಯಿತು.

ಕೋರ್ಸ್‌ಮೆಯರ್ ಅವರ ತಂಡ ಈ ಅವಧಿಯಲ್ಲಿ ಬೇರೆ ದಿಕ್ಕುಗಳಲ್ಲಿಯೂ ಕೆಲಸ ಮಾಡಿತು. ಎಂಎಲ್‌ಎಲ್ ವಂಶವಾಹಿಯ ದೋಷದಿಂದ ಬರುವ ಶಿಶುಗಳ ರಕ್ತಕ್ಯಾನ್ಸರ್ ಪ್ರತ್ಯೇಕ ಬಗೆಯ ರೋಗವೆಂದು 2002ರಲ್ಲಿ ವಂಶವಾಹಿ ಚಟುವಟಿಕೆಯ ಆಧಾರದಿಂದ ತೋರಿಸಿದ ಅಧ್ಯಯನದಲ್ಲಿ ಅವರು ಪಾಲ್ಗೊಂಡಿದ್ದರು. ಬ್ಯಾಡ್ ಪ್ರೋಟೀನಿಗೆ ಗ್ಲೂಕೋಸ್ ಬಳಕೆಯ ನಿಯಂತ್ರಣದಲ್ಲಿಯೂ ಪಾತ್ರವಿದೆ ಎಂಬುದನ್ನು ನಿಕಾ ಡ್ಯಾನಿಯಲ್ ಮತ್ತು ಅವರು 2003ರಲ್ಲಿ ವರದಿ ಮಾಡಿದರು.

ಮರಣ ನಿರೋಧವನ್ನು ಮುರಿಯುವ ಪ್ರಯತ್ನ

ಬಿಸಿಎಲ್-2 ಕ್ಯಾನ್ಸರಿನ ಆರಂಭಕ್ಕೆ ನೆರವಾಗುತ್ತದೆ ಎಂಬುದು ಸಿದ್ಧವಾಗಿದ್ದರೂ, ಬೆಳೆದ ಕ್ಯಾನ್ಸರಿಗೆ ಅದು ಮುಂದುವರಿದು ಬೇಕಾಗುತ್ತದೆಯೇ ಎಂಬುದು ತಿಳಿದಿರಲಿಲ್ಲ. ಬೇಕಿಲ್ಲವಾದರೆ ಅದನ್ನು ತಡೆಯುವ ಔಷಧದಿಂದ ರೋಗಿಗೆ ಪ್ರಯೋಜನವಿರುತ್ತಿರಲಿಲ್ಲ. ಆಂಟನಿ ಲಟಾಯ್ ಮತ್ತು ಕೋರ್ಸ್‌ಮೆಯರ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಂಶಯವನ್ನು ನಿವಾರಿಸಿತು. ಬೇಕೆಂದಾಗ ಬಿಸಿಎಲ್-2ನ್ನು ನಿಲ್ಲಿಸಬಹುದಾದ ಇಲಿಗಳಲ್ಲಿ ರಕ್ತಕ್ಯಾನ್ಸರ್ ಬೆಳೆದ ಮೇಲೆ ಆ ವಂಶವಾಹಿಯನ್ನು ನಿಲ್ಲಿಸಿದಾಗ ಕ್ಯಾನ್ಸರ್ ಕೋಶಗಳು ಶೀಘ್ರವಾಗಿ ಸತ್ತು ಇಲಿಗಳು ಹೆಚ್ಚು ಕಾಲ ಬದುಕಿದವು.

ಇದರ ಹಿಂದಿನ ಕಾರಣವನ್ನು ಅವರ ತಂಡದ 2002ರ ಪ್ರಬಂಧ ವಿವರಿಸಿತ್ತು. ಬಿಎಚ್3 ಗುಂಪಿನ ಪ್ರೋಟೀನುಗಳಲ್ಲಿ ಎರಡು ಬಗೆ. ಮೊದಲನೆಯ ಬಗೆಯವು ಬ್ಯಾಕ್ಸ್ ಮತ್ತು ಬ್ಯಾಕ್ ಪ್ರೋಟೀನುಗಳನ್ನು ನೇರವಾಗಿ ಎಚ್ಚರಿಸುತ್ತವೆ. ಎರಡನೆಯ ಬಗೆಯವು ಬಿಸಿಎಲ್-2ರ ಹಿಡಿತದಲ್ಲಿರುವ ಮೊದಲನೆಯವನ್ನು ಬಿಡಿಸುತ್ತವೆ. ಕ್ಯಾನ್ಸರ್ ಕೋಶದೊಳಗೆ ಮರಣ ಸಂಕೇತಗಳು ಈಗಾಗಲೇ ಎದ್ದಿರುತ್ತವೆ. ಬಿಸಿಎಲ್-2 ಅವನ್ನು ಹಿಡಿದಿಟ್ಟುಕೊಂಡಿರುವುದರಿಂದಲೇ ಕೋಶ ಬದುಕಿರುತ್ತದೆ. ಆರೋಗ್ಯಕರ ಕೋಶದಲ್ಲಿ ಅಂತಹ ಒತ್ತಡ ಕಡಿಮೆ. ಆದ್ದರಿಂದ ಬಿಸಿಎಲ್-2ರ ಹಿಡಿತ ಸಡಿಲಿಸಿದರೆ ಕ್ಯಾನ್ಸರ್ ಕೋಶಕ್ಕೆ ಹೆಚ್ಚಿನ ಪೆಟ್ಟು ಬೀಳುತ್ತದೆ ಎಂಬುದು ಈ ವಾದದ ಸಾರ.

ಹಿಡಿತವನ್ನು ಸಡಿಲಿಸುವ ಸಾಧನವಾಗಿ ಬಿಎಚ್3 ಭಾಗವನ್ನೇ ಬಳಸಲು ತಂಡ ಪ್ರಯತ್ನಿಸಿತು. ಆದರೆ ಪ್ರೋಟೀನಿನಿಂದ ಬೇರ್ಪಡಿಸಿದ ಚಿಕ್ಕ ತುಣುಕು ತನ್ನ ಸುರುಳಿಯಾಕಾರವನ್ನು ಕಳೆದುಕೊಳ್ಳುತ್ತದೆ ಮತ್ತು ದೇಹದ ಕಿಣ್ವಗಳಿಂದ ಬೇಗನೆ ನಾಶವಾಗುತ್ತದೆ. ಲೊರೆನ್ ವಲೆನ್‌ಸ್ಕಿ, ರಸಾಯನವಿಜ್ಞಾನಿ ಗ್ರೆಗರಿ ವರ್ಡೀನ್ ಮತ್ತು ಕೋರ್ಸ್‌ಮೆಯರ್ ಅವರು ಆ ತುಣುಕಿಗೆ ಇಂಗಾಲದ ಸರಪಳಿಯಿಂದ ಹೊಲಿಗೆ ಹಾಕಿದಂತೆ ಬಿಗಿದು, ಸುರುಳಿಯ ಆಕಾರ ಉಳಿಯುವಂತೆ ಮಾಡಿದರು. 2004ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ, ಹೀಗೆ ಬಿಗಿದ ತುಣುಕು ರಕ್ತಕ್ಯಾನ್ಸರ್ ಕೋಶಗಳೊಳಗೆ ಪ್ರವೇಶಿಸಿ ಅವುಗಳಲ್ಲಿ ಅಪೊಪ್ಟೋಸಿಸ್ ಉಂಟುಮಾಡಿತು ಮತ್ತು ಇಲಿಗಳಲ್ಲಿ ರೋಗದ ಬೆಳವಣಿಗೆಯನ್ನು ತಗ್ಗಿಸಿತು.

ನಿಧನ

ಕೋರ್ಸ್‌ಮೆಯರ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಅವರಿಗೆ ಧೂಮಪಾನದ ಅಭ್ಯಾಸವಿರಲಿಲ್ಲ. 2005ರ ಮಾರ್ಚ್ 31ರಂದು ಬೋಸ್ಟನ್‌ನಲ್ಲಿ ತಮ್ಮ 54ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಪತ್ನಿ ಮತ್ತು ಇಬ್ಬರು ಪುತ್ರರನ್ನು ಅವರು ಅಗಲಿದರು. ಬಿಸಿಎಲ್-2 ಕುಟುಂಬವನ್ನು ತಡೆಯುವ ಎಬಿಟಿ-737 ಎಂಬ ಅಣುವನ್ನು ಕುರಿತ ಅಬಾಟ್ ಕಂಪನಿಯ ವಿಜ್ಞಾನಿಗಳ ಪ್ರಬಂಧ ಬೆಳಕು ಕಂಡದ್ದು ಅದೇ ವರ್ಷದ ಮೇ ತಿಂಗಳಿನಲ್ಲಿ.

ನಿಧನಾನಂತರದ ಬೆಳವಣಿಗೆಗಳು

ಎಬಿಟಿ-737 ಅಣುವು ಬಿಎಚ್3 ಭಾಗವನ್ನು ಅನುಕರಿಸುವಂತೆ, ಬಿಸಿಎಲ್-2 ಪ್ರೋಟೀನಿನ ಮೇಲಿರುವ ತೋಡಿನಲ್ಲಿ ಕುಳಿತುಕೊಳ್ಳುವಂತೆ ರಚಿತವಾಗಿತ್ತು. ಅದನ್ನು ಬಾಯಿಯ ಮೂಲಕ ನೀಡಲು ಆಗುತ್ತಿರಲಿಲ್ಲ. ಅದರ ಸುಧಾರಿತ ರೂಪವಾದ ನಾವಿಟೊಕ್ಲಾಕ್ಸ್ ಮಾತ್ರೆಯಾಗಿ ಸಿದ್ಧವಾಯಿತು. ಆದರೆ ಅದು ಬಿಸಿಎಲ್-2ರ ಜೊತೆಗೆ ಬಿಸಿಎಲ್-ಎಕ್ಸ್‌ಎಲ್ ಎಂಬ ಸಂಬಂಧಿ ಪ್ರೋಟೀನನ್ನೂ ತಡೆಯುತ್ತಿತ್ತು. ರಕ್ತದ ಕಿರುಬಿಲ್ಲೆಗಳ (ಪ್ಲೇಟ್‌ಲೆಟ್) ಆಯುಸ್ಸು ಬಿಸಿಎಲ್-ಎಕ್ಸ್‌ಎಲ್ ಮೇಲೆ ಅವಲಂಬಿತವಾಗಿರುವುದರಿಂದ ರೋಗಿಗಳಲ್ಲಿ ಅವುಗಳ ಸಂಖ್ಯೆ ಕುಸಿಯಿತು. ಬಿಸಿಎಲ್-2ನ್ನು ಮಾತ್ರ ಹಿಡಿಯುವಂತೆ ಅಣುವನ್ನು ಮತ್ತೆ ಮಾರ್ಪಡಿಸಿದಾಗ ದೊರೆತದ್ದು ವೆನೆಟೊಕ್ಲಾಕ್ಸ್. ಇದರ ವಿವರಗಳು 2013ರಲ್ಲಿ ಪ್ರಕಟವಾದವು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ಏಪ್ರಿಲ್‌ನಲ್ಲಿ, 17ನೆಯ ವರ್ಣತಂತುವಿನ ಒಂದು ಭಾಗವನ್ನು ಕಳೆದುಕೊಂಡ ದೀರ್ಘಕಾಲಿಕ ಲಿಂಫೋಸೈಟಿಕ್ ರಕ್ತಕ್ಯಾನ್ಸರಿನ ರೋಗಿಗಳಿಗೆ ಈ ಔಷಧವನ್ನು ಮಂಜೂರು ಮಾಡಿತು. ಇಂತಹ ರೋಗಿಗಳಲ್ಲಿ ಪಿ53 ಎಂಬ ರಕ್ಷಕ ವಂಶವಾಹಿ ನಷ್ಟವಾಗಿರುವುದರಿಂದ ಡಿಎನ್‌ಎಗೆ ಹಾನಿ ಮಾಡುವ ಸಾಂಪ್ರದಾಯಿಕ ಕಿಮೊಥೆರಪಿ ಫಲಕಾರಿಯಾಗುವುದು ಅಪರೂಪ. ವೆನೆಟೊಕ್ಲಾಕ್ಸ್ ಪಿ53ಅನ್ನು ದಾಟಿ, ಅದರ ಮುಂದಿನ ಹಂತದಲ್ಲಿ ಕೆಲಸ ಮಾಡುತ್ತದೆ. 2018ರ ನವೆಂಬರ್‌ನಲ್ಲಿ, ತೀವ್ರ ಕಿಮೊಥೆರಪಿಯನ್ನು ತಾಳಲಾರದ ಹಿರಿಯ ವಯಸ್ಸಿನವರ ತೀವ್ರ ಮಯಲಾಯ್ಡ್ ರಕ್ತಕ್ಯಾನ್ಸರಿಗೆ ಇತರ ಔಷಧಗಳೊಂದಿಗೆ ಬಳಸಲು ಅನುಮತಿ ದೊರೆಯಿತು.

ಕ್ಯಾನ್ಸರ್ ಕೋಶಗಳು ಒಮ್ಮೆಲೇ ಅಪಾರ ಸಂಖ್ಯೆಯಲ್ಲಿ ಸಾಯುವುದರಿಂದಲೂ ಅಪಾಯವಿದೆ. ಅವುಗಳಿಂದ ಹೊರಬಿದ್ದ ಪೊಟ್ಯಾಸಿಯಂ, ಫಾಸ್ಫೇಟ್ ಮತ್ತು ಯೂರಿಕ್ ಆಮ್ಲ ರಕ್ತದಲ್ಲಿ ಏರಿ ಮೂತ್ರಪಿಂಡಕ್ಕೂ ಹೃದಯಕ್ಕೂ ಹಾನಿಯಾಗಬಹುದು. ಆರಂಭಿಕ ಪರೀಕ್ಷೆಗಳಲ್ಲಿ ಇದು ಪ್ರಾಣಾಪಾಯಕ್ಕೂ ಕಾರಣವಾದುದರಿಂದ, ದೀರ್ಘಕಾಲಿಕ ಲಿಂಫೋಸೈಟಿಕ್ ರಕ್ತಕ್ಯಾನ್ಸರಿನಲ್ಲಿ ದಿನಕ್ಕೆ 20 ಮಿಲಿಗ್ರಾಂನಿಂದ ಆರಂಭಿಸಿ ಐದು ವಾರಗಳಲ್ಲಿ ಹಂತಹಂತವಾಗಿ 400 ಮಿಲಿಗ್ರಾಂಗೆ ಏರಿಸುವ ಕ್ರಮವನ್ನು ಅಳವಡಿಸಲಾಯಿತು.

ಕ್ಯಾನ್ಸರ್ ಕೋಶಗಳು ಈ ಔಷಧಕ್ಕೂ ನಿರೋಧ ಬೆಳೆಸಿಕೊಳ್ಳುವುದುಂಟು. ಕೆಲವು ಕೋಶಗಳು ಬಿಸಿಎಲ್-2ರ ಬದಲಿಗೆ ಎಂಸಿಎಲ್-1 ಎಂಬ ಇನ್ನೊಂದು ರಕ್ಷಕ ಪ್ರೋಟೀನನ್ನು ಆಶ್ರಯಿಸುತ್ತವೆ. ಕೆಲವು ರೋಗಿಗಳಲ್ಲಿ ಬಿಸಿಎಲ್-2ರ ತೋಡಿನ ಆಕಾರ ಬದಲಾಗಿ ಔಷಧ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಅಂತಹ ಒಂದು ರೂಪಾಂತರವನ್ನು 2019ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ವರದಿ ಮಾಡಿದರು. ಬಿಸಿಎಲ್-2 ವಂಶವಾಹಿ ಮೊದಲು ದೊರೆತ ಫಾಲಿಕ್ಯುಲರ್ ಲಿಂಫೋಮದಲ್ಲಿ ವೆನೆಟೊಕ್ಲಾಕ್ಸ್ ಒಂದನ್ನೇ ನೀಡಿದಾಗ, ಲಿಂಫೋಸೈಟಿಕ್ ರಕ್ತಕ್ಯಾನ್ಸರಿನಲ್ಲಿ ಕಂಡಷ್ಟು ಪರಿಣಾಮ ಕಂಡುಬರಲಿಲ್ಲ. ಶ್ವಾಸಕೋಶ, ಕರುಳು ಮೊದಲಾದ ಅಂಗಗಳ ಗಟ್ಟಿ ಗೆಡ್ಡೆಗಳು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ರಕ್ಷಕ ಪ್ರೋಟೀನುಗಳನ್ನು ಅವಲಂಬಿಸಿರುವುದರಿಂದ ಅಲ್ಲಿ ಈ ಮಾರ್ಗ ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಕರ್ನಾಟಕದಲ್ಲಿ ಸಂಬಂಧಿತ ಸಂಶೋಧನೆ

ಕೋರ್ಸ್‌ಮೆಯರ್ ಅವರು ಎತ್ತಿದ ಪ್ರಶ್ನೆಗಳ ಮೇಲಿನ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ನಡೆದಿದೆ. 18ನೆಯ ವರ್ಣತಂತುವು ಬಿಸಿಎಲ್-2ರ ಬಳಿ ಒಂದು ಕಿರಿದಾದ ಜಾಗದಲ್ಲಿಯೇ ಮತ್ತೆ ಮತ್ತೆ ಒಡೆಯುವುದೇಕೆ ಎಂಬುದು ದೀರ್ಘಕಾಲದ ಒಗಟಾಗಿತ್ತು. ಆ ಜಾಗದ ಡಿಎನ್‌ಎ ವಾಡಿಕೆಯ ಜೋಡಿಸುರುಳಿಯಿಂದ ಭಿನ್ನವಾದ ರಚನೆಯನ್ನು ತಾಳುತ್ತದೆ, ಪ್ರತಿಕಾಯ ವಂಶವಾಹಿಯನ್ನು ಕತ್ತರಿಸಬೇಕಾದ ಕಿಣ್ವವು ಅದನ್ನೂ ಕತ್ತರಿಸಬಲ್ಲದು ಎಂದು ಸತೀಶ್ ರಾಘವನ್, ಮೈಕೆಲ್ ಲೀಬರ್ ಮೊದಲಾದವರು 2004ರಲ್ಲಿ ಅಮೆರಿಕದಲ್ಲಿ ನಡೆಸಿದ ಅಧ್ಯಯನದಲ್ಲಿ ತೋರಿಸಿದರು. ರಾಘವನ್ ಅವರು ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿದರು. ಅವರ ತಂಡವು 2016ರಲ್ಲಿ ಡಿಸಾರಿಬ್ ಎಂಬ ಬಿಸಿಎಲ್-2 ಪ್ರತಿರೋಧಕ ಅಣುವನ್ನು ವರದಿ ಮಾಡಿತು. ವೆನೆಟೊಕ್ಲಾಕ್ಸ್‌ಗಿಂತ ಭಿನ್ನವಾಗಿ ಇದು ಬಿಸಿಎಲ್-2ರ ಬಿಎಚ್1 ಭಾಗಕ್ಕೆ ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಬಿಸಿಎಲ್-2 ಹೇರಳವಾಗಿರುವ ಕ್ಯಾನ್ಸರ್ ಕೋಶಗಳಲ್ಲಿ ಮತ್ತು ಇಲಿಗಳ ಗೆಡ್ಡೆಗಳಲ್ಲಿ ಅದರ ಪರಿಣಾಮವನ್ನು ಪರೀಕ್ಷಿಸಲಾಗಿದೆ.

ಪ್ರಶಸ್ತಿ ಮತ್ತು ಗೌರವಗಳು

ಕೋರ್ಸ್‌ಮೆಯರ್ 1995ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು. 1998ರಲ್ಲಿ ಜನರಲ್ ಮೋಟಾರ್ಸ್ ಕ್ಯಾನ್ಸರ್ ಸಂಶೋಧನಾ ಪ್ರತಿಷ್ಠಾನದ ಚಾರ್ಲ್ಸ್ ಎಸ್. ಮಾಟ್ ಪ್ರಶಸ್ತಿಯನ್ನು ಸುಸಾನ್ ಕೋರಿ ಅವರೊಂದಿಗೆ ಹಂಚಿಕೊಂಡರು. 2002ರಲ್ಲಿ ಜೀವವೈದ್ಯಕೀಯ ವಿಜ್ಞಾನಗಳ ಮೊದಲ ವೈಲಿ ಪ್ರಶಸ್ತಿ ಅವರಿಗೂ ಎಚ್. ರಾಬರ್ಟ್ ಹೊರ್ವಿಟ್ಜ್ ಅವರಿಗೂ ಜಂಟಿಯಾಗಿ ಸಂದಿತು. ಅದೇ ವರ್ಷ ಹೊರ್ವಿಟ್ಜ್ ಅವರು ಸಿಡ್ನಿ ಬ್ರೆನ್ನರ್ ಮತ್ತು ಜಾನ್ ಸಲ್ಸ್ಟನ್ ಅವರೊಂದಿಗೆ, ಹುಳುವಿನಲ್ಲಿ ಅಂಗಗಳ ಬೆಳವಣಿಗೆ ಮತ್ತು ಯೋಜಿತ ಕೋಶ ಮರಣದ ನಿಯಂತ್ರಣವನ್ನು ಕುರಿತ ಶೋಧಗಳಿಗಾಗಿ ನೊಬೆಲ್ ಪ್ರಶಸ್ತಿ ಪಡೆದರು. ಹುಳುವಿನಲ್ಲಿ ಕೋಶ ಮರಣವನ್ನು ತಡೆಯುವ ಸೆಡ್-9 ಎಂಬ ವಂಶವಾಹಿಯು ಮಾನವರ ಬಿಸಿಎಲ್-2ನ್ನು ಹೋಲುತ್ತದೆ ಎಂಬುದು 1994ರಲ್ಲಿಯೇ ತಿಳಿದಿತ್ತು.

ಅಮೆರಿಕದ ಚಿಕಿತ್ಸಾ ಸಂಶೋಧಕರ ಸಂಘವು ತನ್ನ ವಾರ್ಷಿಕ ಪ್ರಶಸ್ತಿಗೆ ಸ್ಟ್ಯಾನ್ಲಿ ಜೆ. ಕೋರ್ಸ್‌ಮೆಯರ್ ಪ್ರಶಸ್ತಿ ಎಂದು ಹೆಸರಿಟ್ಟಿದೆ. ಅವರ ಪ್ರಯೋಗಾಲಯದಲ್ಲಿ ತರಬೇತಿ ಪಡೆದ ಆಂಟನಿ ಲಟಾಯ್, ಲೊರೆನ್ ವಲೆನ್‌ಸ್ಕಿ, ನಿಕಾ ಡ್ಯಾನಿಯಲ್, ಲೂಕಾ ಸ್ಕೊರಾನೊ, ಎಮಿಲಿ ಚೆಂಗ್ ಮೊದಲಾದವರು ಸ್ವತಂತ್ರ ಸಂಶೋಧನಾ ತಂಡಗಳನ್ನು ಕಟ್ಟಿ ಜೀವಕೋಶದ ಮರಣ ಮತ್ತು ಚಿಕಿತ್ಸೆಯ ಅಧ್ಯಯನವನ್ನು ಮುಂದುವರಿಸಿದರು. ರೋಗಿಯಿಂದ ಪಡೆದ ಕ್ಯಾನ್ಸರ್ ಕೋಶಗಳಿಗೆ ಬಿಎಚ್3 ತುಣುಕುಗಳನ್ನು ತಾಗಿಸಿ, ಅವು ಯಾವ ರಕ್ಷಕ ಪ್ರೋಟೀನನ್ನು ಆಶ್ರಯಿಸಿವೆ ಮತ್ತು ಸಾವಿಗೆ ಎಷ್ಟು ಸಮೀಪದಲ್ಲಿವೆ ಎಂಬುದನ್ನು ಅಳೆಯುವ ಬಿಎಚ್3 ಪರೀಕ್ಷಾ ವಿಧಾನವನ್ನು ಲಟಾಯ್ ಅವರು ಅಭಿವೃದ್ಧಿಪಡಿಸಿದರು.